ಕಪ್ಪೆಗೆ ಹೆಪ್ಪು

ನನ್ನ ನಾದಿನಿಗೆ ಈ ಕೋಲ್ಕತ್ತದಲ್ಲಿ ಇರುವಷ್ಟು ಆಪ್ತರು ನನಗಿಲ್ಲ. ಅವಳಿಗಿಂತ ಎಷ್ಟೋ ಮೊದಲು ಇಲ್ಲಿಗೆ ಬಂದವನು ನಾನು. ಟಾಲಿಗಂಜಿನ ಅರ್ಧ ಅಡುಗೆಮನೆಗಳ ಬಾಗಿಲು ತಟ್ಟಿ ದೋಸೆಹಿಟ್ಟು ಮಾರಿದವನು. ಆದರೂ ಜನ ನನ್ನನ್ನು ಗುರುತು ಹಿಡಿಯುವುದು ಮುಖ ನೋಡಿ ಅಲ್ಲ, ಕೈಯಲ್ಲಿರುವ ಹಿಟ್ಟಿನ ಪೊಟ್ಟಣ ನೋಡಿ. ಅವಳಿಗೆ ಹಾಗಲ್ಲ. ಒಂದೊಂದು ಮೊಹಲ್ಲಾದಲ್ಲೂ ಹತ್ತಾರು ಮಂದಿ. ಯಾರು ಎಲ್ಲಿ ಮಲಗುತ್ತಾರೆ, ಯಾರ ಹೊಟ್ಟೆಯ ಮೇಲೆ ಮಚ್ಚೆ ಇದೆ, ಈಚೆಗೆ ಯಾರು ಸೊರಗಿದ್ದಾರೆ, ಎಲ್ಲವೂ ಅವಳಿಗೆ ಗೊತ್ತು. ಒಂದೇ ತೊಂದರೆ ಎಂದರೆ, ಅವರಲ್ಲಿ ಯಾರಿಗೂ ಕುತ್ತಿಗೆ ಇಲ್ಲ.

ಕಪ್ಪೆಗಳು ಸ್ವಾಮಿ, ಕಪ್ಪೆಗಳು.

ಅವಳು ಇಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ, ಇರುವುದು ನಮ್ಮ ಮನೆಯಲ್ಲೇ. ‘ಕಪ್ಪೆಯ ಮೇಲೆ ಸಂಶೋಧನೆ’ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಒಂದು ದಿನ ತಿದ್ದಿದಳು: ಕಪ್ಪೆಯ ಮೇಲೆ ಅಲ್ಲವಂತೆ, ಕಪ್ಪೆಯ ಚರ್ಮದ ಮೇಲೆ ಬದುಕುವ, ಕಣ್ಣಿಗೆ ಕಾಣದ ಜೀವಿಗಳ ಮೇಲೆ. ನಾನು ದೋಸೆಹಿಟ್ಟು, ಮೊಸರು ಮಾರುವ ಮನುಷ್ಯ. ಕೆಳಗೆ ಅಂಗಡಿ, ನಡುವೆ ಮನೆ, ಮೇಲೆ ತಾರಸಿ. ಉಡುಪಿ ಕಡೆಯಿಂದ ಬಂದು ಸಂಬಂಧಿಕರ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದವನು ನಾಲ್ಕು ರುಬ್ಬುವ ಯಂತ್ರಗಳ ಧಣಿಯಾಗುವಾಗ ನನ್ನ ಬಂಡವಾಳ ಇದ್ದದ್ದು ಎರಡೇ: ಒಂದು ಬಾಯಿ; ಇನ್ನೊಂದು, ವ್ಯಾಪಾರ ಕುದುರದಿದ್ದರೆ ಹೊರಟೇಹೋಗುವಂತೆ ನಟಿಸುವ ಕಾಲು. ಇಂಥವನ ಮನೆಯಲ್ಲಿ, ಊಟದ ಮೇಜಿನ ಮೇಲೆ, ದಿನವೂ ಚರ್ಮದ ಕ್ರಿಮಿಗಳ ಮಾತು. ಗಿರಾಕಿಗಳ ಕಿವಿಗೆ ಬಿದ್ದರೆ ನನ್ನ ಗತಿಯೇನು? ಈ ಒಂದು ಚಿಂತೆಯಲ್ಲೇ ನನ್ನ ತಲೆಯ ಮುಂಭಾಗದ ಕೂದಲು ಹೋಯಿತು. ಹಿಂಭಾಗದ್ದು ಹೋದ ಕಥೆ ಮುಂದೆ ಬರುತ್ತದೆ.

ಮೊದಲು ಬೂಟಿನ ವಿಷಯ. ನೀವೂ ನಾನೂ ಕೆಸರಿಗೆ ಇಳಿದು ಬಂದ ಮೇಲೆ ಕಾಲು ತೊಳೆಯುತ್ತೇವೆ. ಇವಳು ಇಳಿಯುವ ಮೊದಲು ತೊಳೆಯುತ್ತಾಳೆ. ಬೆಳಗ್ಗೆ ಗೇಟಿನ ಬಳಿ ಬ್ಲೀಚಿಂಗ್ ಪುಡಿ ಕಲಸಿದ ಬಕೆಟ್ ಇಟ್ಟುಕೊಂಡು, ಮೊಣಕಾಲಿನವರೆಗಿನ ರಬ್ಬರ್ ಬೂಟುಗಳನ್ನು ಹಲ್ಲುಜ್ಜಿದಂತೆ ಉಜ್ಜಿ, ಒಣಗಿಸಿ, ಆಮೇಲೆ ಅದೇ ಬೂಟು ತೊಟ್ಟು ಕೊಳೆತ ಕೊಳಕ್ಕೆ ಹೋಗುತ್ತಾಳೆ. ಪಕ್ಕದ ಮನೆಯ ಬಂಗಾಳಿ ಮಾಶಿಮಾ ತಡೆಯಲಾರದೆ ನನ್ನನ್ನೇ ಕೇಳಿದರು. “ನಿಮ್ಮ ಶಾಲಿ ಪುಕುರಿನಲ್ಲಿ ಏನಾದರೂ ಪೂಜೆ ಇಟ್ಟುಕೊಂಡಿದ್ದಾಳಾ? ಅಷ್ಟು ಮಡಿ ಮಾಡುತ್ತಾಳಲ್ಲ?” ಮಾಶಿಮಾ ಎಂದರೆ ಇಲ್ಲಿ ಚಿಕ್ಕಮ್ಮ, ಶಾಲಿ ಎಂದರೆ ಹೆಂಡತಿಯ ತಂಗಿ, ಪುಕುರ್ ಎಂದರೆ ಕೊಳ. ನಾನು ನಕ್ಕು ಜಾರಿಕೊಂಡೆ. ನಾದಿನಿಯನ್ನು ವಿಚಾರಿಸಿದರೆ ಬೂಟಿನಿಂದ ತಲೆ ಎತ್ತದೆ ಹೇಳಿದಳು:

“ಒಂದು ಕೊಳದ ರೋಗ ಇನ್ನೊಂದು ಕೊಳಕ್ಕೆ ಹೋಗ್ಲಿಕ್ಕೆ ಕಪ್ಪೆಯೇ ಬೇಕಂತಿಲ್ಲ ಭಾವ. ನನ್ನ ಬೂಟು ಸಾಕು.”

ಅಂದಿನಿಂದ ನಾನು ಅಂಗಡಿಗೆ ಬರುವವರ ಮುಖ ನೋಡುವ ಮೊದಲು ಚಪ್ಪಲಿ ನೋಡುವಂತಾದೆ. ವ್ಯಾಪಾರಿಗೆ ಇದು ಒಳ್ಳೆಯ ಅಭ್ಯಾಸವಲ್ಲ.

ಇನ್ನು ಕೈಗವಸು. ನಮ್ಮ ಹಿಟ್ಟಿನ ಕೋಣೆಯಲ್ಲಿ ಒಬ್ಬರಿಗೆ ಬೆಳಗ್ಗೆ ಒಂದು ಜೊತೆ ಕೊಟ್ಟರೆ ಮಧ್ಯಾಹ್ನದವರೆಗೆ ನಡೆಯುತ್ತದೆ. ಇವಳಿಗೆ ಕಪ್ಪೆಗೊಂದು ಜೊತೆ! ಒಂದು ಕಪ್ಪೆ ಹಿಡಿದು, ಹೊಟ್ಟೆ, ತೊಡೆ, ಪಾದಗಳನ್ನು ಹತ್ತಿಕಡ್ಡಿಯಿಂದ ನಯವಾಗಿ ಸವರಿ, ಆ ಕಡ್ಡಿಯ ತುದಿಯನ್ನು ಪುಟ್ಟ ನಳಿಕೆಯಲ್ಲಿ ಹಾಕಿ ಮುಚ್ಚಿ, ಕಪ್ಪೆಯನ್ನು ಬಿಟ್ಟು, ಕೈಗವಸು ಕಳಚಿ, ಇನ್ನೊಂದು ಜೊತೆ ತೊಟ್ಟು, ಮುಂದಿನ ಕಪ್ಪೆ. ನನ್ನ ಅಂಗಡಿಯ ಕೈಗವಸಿನ ಪೆಟ್ಟಿಗೆ ಬೇಗ ಬೇಗ ಹಗುರವಾಗುತ್ತಿದ್ದುದರ ಗುಟ್ಟು ಹೀಗೆ ತಿಳಿಯಿತು. ನಾನು ಬೈಯಲಿಲ್ಲ, ಸಲಹೆ ಕೊಟ್ಟೆ. ಡಜನ್ ಲೆಕ್ಕದಲ್ಲಿ ಕೊಂಡವರು ಕೆಡುತ್ತಾರೆ. ಸಿಯಾಲ್ದಾದ ಮಾರುಕಟ್ಟೆಗೆ ಬೆಳಗ್ಗೆ ಬೇಗ ಹೋಗಿ ದೊಡ್ಡ ಪೆಟ್ಟಿಗೆ ಕೇಳಬೇಕು, ಅವನು ಬೆಲೆ ಹೇಳಿದ ಕೂಡಲೇ ಪಕ್ಕದ ಅಂಗಡಿಯವನ ಕಡೆಗೆ ಒಮ್ಮೆ ನೋಡಬೇಕು, ಮಾತಾಡಬಾರದು. ನೀವೂ ಹಾಗೇ ಮಾಡಿ ನೋಡಿ. ಅವಳು ಎಲ್ಲ ಕೇಳಿಸಿಕೊಂಡು, “ನಿಮ್ಮ ಹಾಗೆ ಮಾತಾಡ್ಲಿಕ್ಕೆ ಬಂದಿದ್ರೆ ನಾನು ಕಪ್ಪೆ ಹತ್ರ ಯಾಕೆ ಹೋಗ್ತಿದ್ದೆ?” ಎಂದಳು.

ಮಾತಾಡಲು ಬರುವುದಿಲ್ಲ ಎನ್ನುವುದು ಸುಳ್ಳು. ಎಲ್ಲಿ ಆಡಬಾರದೋ ಅಲ್ಲಿ ಚೆನ್ನಾಗಿ ಬರುತ್ತದೆ. ಪಾರ್ಕ್ ಸ್ಟ್ರೀಟಿನ ಒಂದು ಹೋಟೆಲಿನವರು ನನ್ನ ಹಿಟ್ಟನ್ನು ಖಾಯಂ ಕೊಳ್ಳುವ ಮಾತು ನಡೆದಿತ್ತು. ಅವರ ಖರೀದಿ ಮ್ಯಾನೇಜರರನ್ನು ಅದೇ ಬೀದಿಯಲ್ಲಿ ಊಟಕ್ಕೆ ಕರೆದಿದ್ದೆ. ನಾದಿನಿಯನ್ನು ದಾರಿಯಲ್ಲಿ ಕೆಲಸದಿಂದ ಕರೆತರಬೇಕಾದ್ದರಿಂದ ಅವಳೂ ಬಂದು ಕೂತಳು. ಸೂಪು ಬಂತು. ಆ ಮಹನೀಯರು ಸೌಜನ್ಯಕ್ಕೆ ಹಿಂದಿಯಲ್ಲಿ, “ತಾವು ಏನು ಮಾಡುತ್ತೀರಿ?” ಎಂದರು. ಮೇಜಿನ ಕೆಳಗೆ ನಾನು ಅವಳ ಕಾಲು ತುಳಿಯಲು ಹೋಗಿ ಅವರ ಕಾಲು ತುಳಿದೆ. ಅವಳು ಶುರು ಮಾಡಿಯೇ ಬಿಟ್ಟಳು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯ ಚರ್ಮದಿಂದ ಕುಡಿಯುತ್ತದೆ. ಅರ್ಧ ಉಸಿರಾಟವೂ ಚರ್ಮದಿಂದಲೇ. ಆ ಚರ್ಮದ ಮೇಲೆ ಒಳ್ಳೆಯ ಸೂಕ್ಷ್ಮಜೀವಿಗಳ ದೊಡ್ಡ ಸಂಸಾರವೇ ಇದೆ. ಮ್ಯಾನೇಜರರು ಚಮಚ ಕೆಳಗಿಟ್ಟರು.

“ಅಂದರೆ... ಈ ಸೂಕ್ಷ್ಮಜೀವಿಗಳು ಎಲ್ಲ ಕಡೆಯೂ ಇರುತ್ತವಾ?”

“ಎಲ್ಲ ಕಡೆ. ನಮ್ಮ ಭಾವನ ಹಿಟ್ಟಿನಲ್ಲಿ ಕೋಟಿಗಟ್ಟಲೆ ಇವೆ,” ಎಂದಳು ನಾದಿನಿ, ಬಹಳ ಹೆಮ್ಮೆಯಿಂದ. “ಇಲ್ಲದಿದ್ದರೆ ಹುಳಿಯೇ ಬರುವುದಿಲ್ಲ.”

ಅವರ ಹೋಟೆಲಿನಲ್ಲಿ ಇವತ್ತಿಗೂ ದೋಸೆ ಇಲ್ಲ.

ಹೀಗೆ ನನ್ನ ವ್ಯಾಪಾರಕ್ಕೆ ಕಲ್ಲು ಹಾಕುವವಳೇ ನನ್ನ ವ್ಯಾಪಾರದ ತಳಪಾಯ ಹಾಕಿದವಳು ಎಂಬುದನ್ನೂ ಹೇಳಬೇಕು, ನ್ಯಾಯ ನ್ಯಾಯವೇ. ನನ್ನ ಅತ್ತೆ, ಎಂದರೆ ಈ ಅಕ್ಕತಂಗಿಯರ ಅಮ್ಮ, ತೀರಿಕೊಂಡಾಗ ಊರಿಗೆ ಹೋಗಿದ್ದೆವು. ಕಾರ್ಯ ಎಲ್ಲ ಮುಗಿದ ಮೇಲೆ, ಅಮ್ಮನ ಸಾಮಾನಿನಲ್ಲಿ ನಿನಗೇನು ಬೇಕು ಎಂದು ದೊಡ್ಡವರು ಕೇಳಿದರು. ಇವಳು ಅಡುಗೆಮನೆಗೆ ಹೋಗಿ ಒಂದು ಸ್ಟೀಲ್ ಡಬ್ಬಿ ಎತ್ತಿಕೊಂಡು ಬಂದಳು. ಒಳಗೆ ಅಮ್ಮ ಕೊನೆಯ ಸಲ ಹೆಪ್ಪು ಹಾಕಿದ್ದ ಮೊಸರು. ಬಂಗಾರದ ಬಳೆಗಳು ಬೇಡವಂತೆ! ನಾನು ಅಲ್ಲೇ ಒಳ್ಳೆಯ ಸಲಹೆ ಕೊಡಲು ಬಾಯಿ ತೆರೆದಿದ್ದೆ. ಹೆಂಡತಿ ಕಣ್ಣಲ್ಲೇ ಮುಚ್ಚಿಸಿದಳು. ರೈಲಿನಲ್ಲಿ ದಾರಿಯುದ್ದಕ್ಕೂ ಡಬ್ಬಿ ಅವಳ ತೊಡೆಯ ಮೇಲೆ. ದೊಡ್ಡ ನಿಲ್ದಾಣ ಬಂದರೆ ಸಾಕು, ಇಳಿದು ಹಾಲು ತಂದು ಡಬ್ಬಿಗೆ ಎರೆಯುವಳು. ಎದುರಿನ ಸೀಟಿನವರು, ಒಳಗೆ ಮರಿ ಏನಾದರೂ ಇದೆಯೇ ಎಂದು ನನ್ನನ್ನು ಗುಟ್ಟಾಗಿ ಕೇಳಿದರು.

ಆ ಹೆಪ್ಪೇ ಇವತ್ತು ನಾನು ಮಾರುವ ಮೊಸರು. ಇಲ್ಲಿ ಸಿಹಿಮೊಸರು ಬೀದಿಬೀದಿಗೆ ಸಿಗುತ್ತದೆ. ಅನ್ನಕ್ಕೆ ಕಲಸುವ ನಮ್ಮ ಮೊಸರಿಗೆ ಕನ್ನಡದ ಮನೆಗಳೆಲ್ಲ ನನ್ನಲ್ಲಿಗೇ ಬರಬೇಕು. ಹಾಗಾಗಿ ಆ ಹೆಪ್ಪಿನ ಬಗ್ಗೆ ನನಗೆ ಇರುವ ದಿಗಿಲು ಹೇಳತೀರದು. ಕರೆಂಟು ಹೋದರೆ ದಿಗಿಲು, ಬಿರುಗಾಳಿ ಬಂದರೆ ದಿಗಿಲು, ಸೆಕೆ ಹೆಚ್ಚಾದರೆ ದಿಗಿಲು. ಕೆಲಸದ ನಡುವೆ ಹೋಗಿ ಮುಚ್ಚಳ ತೆಗೆದು ನೋಡಿ ಬರುತ್ತೇನೆ. ನಾದಿನಿ ಆಗಾಗ ಬಂದು ಅದರಿಂದ ಒಂದು ಚಮಚ ಒಯ್ಯುತ್ತಿದ್ದಳು. “ಯಾರಿಗೆ?” ಎಂದರೆ, “ಬೇಕು” ಎನ್ನುವಳು. ಕೆಲಸದ ಕಡೆಯ ಗೆಳತಿಯರಿಗೆ ಹಂಚುತ್ತಿರಬೇಕು ಎಂದುಕೊಂಡೆ. “ಹೆಪ್ಪು ಕೊಟ್ಟವನು ಗಿರಾಕಿಯನ್ನೇ ಕೊಟ್ಟ ಹಾಗೆ ಮಾರಾಯ್ತಿ,” ಎಂದು ಎಷ್ಟೋ ಸಲ ಎಚ್ಚರಿಸಿದೆ. ನೀವೂ ನೆನಪಿಡಿ.

ಈಗ ತಲೆಯ ಹಿಂಭಾಗದ ಕೂದಲಿಗೆ ಬರೋಣ.

ನಮ್ಮ ಮನೆಯ ಹಿಂದೆ ಒಂದು ಪುಕುರ್ ಇತ್ತು. ಒಂದು ದಡದಲ್ಲಿ ಬಟ್ಟೆ ಒಗೆಯುವ ಮೆಟ್ಟಿಲು, ಇನ್ನೊಂದು ದಡದಲ್ಲಿ ಬಾಳೆ, ಕೆಸು, ಪೊದೆ. ಮೊದಲು ಪೊದೆ ಹೋಗಿ ಅಲ್ಲಿ ಕಾಂಕ್ರೀಟ್ ರಸ್ತೆ ಬಂತು. ನಾನು ಸಂತೋಷಪಟ್ಟೆ, ಹಾಲಿನ ಟೆಂಪೋ ಹಿಂದಿನ ಬಾಗಿಲಿಗೇ ಬರುವಂತಾಯಿತಲ್ಲ. ನಾದಿನಿಯ ಮುಖ ಮಾತ್ರ ಸಣ್ಣದಾಯಿತು.

“ನೀರು ಉಂಟಲ್ಲ ಮಾರಾಯ್ತಿ, ಕಪ್ಪೆಗೆ ಇನ್ನೆಂತ ಬೇಕು?”

“ಕಪ್ಪೆ ಮೀನಲ್ಲ ಭಾವ. ಮೊಟ್ಟೆ ಇಡ್ಲಿಕ್ಕೆ ನೀರು, ಬದುಕ್ಲಿಕ್ಕೆ ಪೊದೆ. ಎರಡರ ಮಧ್ಯೆ ರಸ್ತೆ ಹಾಕಿದ್ರೆ ಅದರ ಮನೆಯ ಜಗಲಿ ಒಂದು ಕಡೆ, ಅಡುಗೆಮನೆ ಒಂದು ಕಡೆ ಆಯ್ತು. ಎರಡು ಕಡೆಯಿಂದಲೂ ಅದರ ಚರ್ಮಕ್ಕೆ ಬರ್ತಿದ್ದ ಒಳ್ಳೆ ಕ್ರಿಮಿಗಳು ಕಮ್ಮಿ ಆಗ್ತವೆ. ಆಗ ಕೆಟ್ಟದ್ದು ಬಂದು ಕೂರ್ತದೆ.”

ಕೆಟ್ಟದ್ದು ಎಂದರೆ ಒಂದು ಬಗೆಯ ಶಿಲೀಂಧ್ರ. ನಮ್ಮ ಮಾತಿನಲ್ಲಿ ಬೂಷ್ಟು. ಚರ್ಮದಲ್ಲಿ ಬೇರೂರಿ ಅದನ್ನು ದಪ್ಪ ಮಾಡಿಬಿಟ್ಟರೆ ಕಪ್ಪೆ ಕುಡಿಯಲಾರದು, ಉಸಿರಾಡಲಾರದು. ಬೇರೆ ದೇಶಗಳಲ್ಲಿ ಕಪ್ಪೆಗಳ ಸಂತತಿಯೇ ಅಳಿದುಹೋಗಿದೆಯಂತೆ. ನಮ್ಮಲ್ಲಿ ಅಂಥ ದೊಡ್ಡ ಸಾವು ಕಂಡಿಲ್ಲ ಎಂದಳು. ‘ಇನ್ನೂ’ ಎಂದು ಸೇರಿಸಿದಳು. ಆ ‘ಇನ್ನೂ’ ನನಗೆ ಹಿಡಿಸಲಿಲ್ಲ.

ಆಮೇಲೆ ಒಂದು ಬೇಸಿಗೆಯ ಬೆಳಗ್ಗೆ ಕೊಳದ ಸುತ್ತ ತಗಡಿನ ಬೇಲಿ ಎದ್ದಿತು. ಲಾರಿಗಳು ಕಟ್ಟಡ ಒಡೆದ ಕಲ್ಲುಮಣ್ಣು ತಂದು ಸುರಿಯತೊಡಗಿದವು. ಕೊಳ ಮುಚ್ಚುವುದಕ್ಕೆ ಅಪ್ಪಣೆ ಇತ್ತೋ ಇಲ್ಲವೋ, ದೂರು ಕೊಟ್ಟವರೂ ಇದ್ದರು. ದೂರು ಹೋದಷ್ಟು ಬೇಗ ಲಾರಿ ನಿಲ್ಲುವುದಿಲ್ಲ. ನಾದಿನಿ ಬೇಲಿಯ ಸಂದಿನಿಂದ ನುಗ್ಗಿ, ಸಿಕ್ಕಷ್ಟು ಕೋಲಾ ಬ್ಯಾಂಗುಗಳನ್ನು, ಅಂದರೆ ನಮ್ಮ ಗೋಂಕರು ಕಪ್ಪೆಗಳನ್ನು (ಇಲ್ಲಿ ಕಪ್ಪೆಗೆ ಬ್ಯಾಂಗ್ ಎನ್ನುತ್ತಾರೆ), ಬಕೆಟಿನಲ್ಲಿ ತುಂಬಿಕೊಂಡು ಬಂದಳು. ಮಳೆಗಾಲ ಹಿಡಿದ ಮೇಲೆ ಒಳ್ಳೆಯ ಕೊಳ ನೋಡಿ ಬಿಡುವುದು. ಅಲ್ಲಿಯವರೆಗೆ ನಮ್ಮ ತಾರಸಿ.

ನಾನು ಷರತ್ತು ಹಾಕಿದೆ. ಕಪ್ಪೆ ಮೆಟ್ಟಿಲು ಇಳಿಯಕೂಡದು. ಕಪ್ಪೆ ಎಂಬ ಪದ ಅಂಗಡಿಯಲ್ಲಿ ಕೇಳಿಸಕೂಡದು. ಅವಳು ಎಲ್ಲಕ್ಕೂ ಹೂಂ ಎಂದು, ಹಿಟ್ಟಿನ ಹಳೆಯ ದೊಡ್ಡ ಟಬ್ಬುಗಳನ್ನು ಕೇಳಿ ಪಡೆದಳು. ಮಾರನೆಯ ದಿನವೇ ಮೆಟ್ಟಿಲ ಮೇಲಿಂದ ಕೂಗಿದಳು:

“ಭಾವಾ, ನಿಮ್ಮ ಗೋಡೌನಿನಲ್ಲಿ ಜಿರಲೆ ಉಂಟಾ?”

ಕೆಳಗೆ ಗಿರಾಕಿಗಳು ನಿಂತಿದ್ದರು. “ಒಂದೇ ಒಂದು ಇಲ್ಲ!” ಎಂದು ನಾನು ರಸ್ತೆಯ ಆಚೆಗೂ ಕೇಳುವಂತೆ ಕೂಗಿದೆ.

“ಛೆ, ಏನೂ ಪ್ರಯೋಜನ ಇಲ್ಲ,” ಎಂದಳು.

ಅವುಗಳ ಆರೈಕೆ ನೋಡಿದರೆ ನನ್ನ ಮದುವೆಯಲ್ಲಿ ನನಗೂ ಅಷ್ಟು ಉಪಚಾರ ಆಗಿರಲಿಲ್ಲ. ಟಬ್ಬುಗಳನ್ನು ದಿನವೂ ಮದ್ದುನೀರಿನಿಂದ ತೊಳೆಯುವುದು, ಬಿಸಿಲಿಗೆ ಒಣಗಿಸುವುದು, ಬೆಣಚುಕಲ್ಲುಗಳನ್ನು ಕುದಿಸುವುದು, ನಲ್ಲಿನೀರನ್ನು ಕ್ಲೋರಿನ್ ವಾಸನೆ ಹೋಗುವವರೆಗೆ ಇಟ್ಟು ಎರೆಯುವುದು. ಹೊರಗಿನ ರೋಗ ಒಂದು ಚೂರೂ ತಾಗಬಾರದಂತೆ. ನನ್ನ ಹಿಟ್ಟಿನ ಕೋಣೆಯನ್ನು ಯಾವ ಅಧಿಕಾರಿ ಬಂದು ನೋಡಿದರೂ ತಾರಸಿಗೆ ಮೊದಲ ಬಹುಮಾನ ಕೊಡುತ್ತಿದ್ದ.

ಅಷ್ಟಾದರೂ ಕಪ್ಪೆಗಳು ಸಪ್ಪಗಾದವು. ಹಾರುತ್ತಿದ್ದವು ಕೂತುಬಿಟ್ಟವು, ಕೂತಿದ್ದವು ಕಾಲು ಚಾಚಿ ಮಲಗಿದವು. ಹೊಟ್ಟೆಯ ಕೆಳಗೆ ಕೆಂಪು, ಮೈಮೇಲೆಲ್ಲ ಸುಲಿಯುವ ಪೊರೆ. ಒಂದು ಮಧ್ಯಾಹ್ನ ಒಂದು ಸತ್ತಿತು. ಅವಳು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಟಬ್ಬಿನ ಪಕ್ಕ ಕೂತಿದ್ದಳು. ನನ್ನ ಹೆಂಡತಿ ಅನ್ನ ಕಲಸಿ ತಂದಳು, ಮುಟ್ಟಲಿಲ್ಲ. ನನಗೆ ಇನ್ನೊಂದೇ ಭಯ.

“ಇದು ನಮಗೆ ಅಂಟ್ತದಾ?”

“ಇಲ್ಲ.”

“ಹಿಟ್ಟಿಗೆ?”

“ಇಲ್ಲ ಭಾವ.”

“ಮೊಸರಿಗೆ?”

ಆಗ ಅವಳು ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಮೆಲ್ಲಗೆ ಹೇಳಿದಳು:

“ಮೊಸರಿನ ಮಾತೇ ಇದು. ಪಾತ್ರೆಯನ್ನು ಎಷ್ಟು ತೊಳೆದ್ರೂ ಹೆಪ್ಪು ಇಲ್ಲದಿದ್ರೆ ಹಾಲು ಮೊಸರಾಗ್ತದಾ? ಹಾಲು ಒಡೀತದೆ. ನಾನು ಹೊರಗಿನ ರೋಗ ಬರ್ಬಾರ್ದು ಅಂತ ತೊಳೆದೆ, ತೊಳೆದೆ. ರೋಗ ಅವು ಬರುವಾಗಲೇ ಒಂದಿಷ್ಟು ತಂದಿರ್ಬೇಕು, ಅದು ಉಳೀತು. ಹೆಪ್ಪು ತೊಳೆದುಹೋಯ್ತು. ಪುಸ್ತಕದ ಪ್ರಕಾರ ಎಲ್ಲ ಸರಿಯೇ ಮಾಡಿದೆ ಭಾವ.”

ಮದ್ದು ಶುರು ಮಾಡಿದ್ದಳು. ಆದರೆ ಮದ್ದು ಕೆಟ್ಟದ್ದನ್ನು ತಗ್ಗಿಸೀತೇ ಹೊರತು ಒಳ್ಳೆಯದನ್ನು ತಂದು ಕೂರಿಸುವುದಿಲ್ಲ. ಅದು ಬರಬೇಕಾದ್ದು ಕೊಳದ ಕೆಸರಿನಿಂದ, ಕೊಳೆತ ಎಲೆಯಿಂದ. ಯಾವುದೋ ಕೊಳದ್ದಾದರೆ ಹೊಸ ರೋಗದ ಭಯ. ಇವುಗಳದೇ ಕೊಳದ್ದು ಬೇಕು. ಆ ಕೊಳ ತಗಡಿನ ಬೇಲಿಯೊಳಗೆ, ಒಂದು ಮೂಲೆ ಬಿಟ್ಟು ಉಳಿದದ್ದೆಲ್ಲ ಕಲ್ಲುಮಣ್ಣಿನ ಕೆಳಗೆ. ಅವಳು ಎರಡು ಸಲ ಕೇಳಿ ಎರಡು ಸಲವೂ ಬೈಸಿಕೊಂಡು ಬಂದಿದ್ದಳು. ನುಗ್ಗಿದವಳೆಂದು ಅವರಿಗೆ ಅವಳ ಗುರುತು ಸಿಕ್ಕಿಬಿಟ್ಟಿತ್ತು.

“ಕೆಸರಿಗೆ ಯಾರಾದ್ರೂ ಹೀಗೆ ಹೋಗಿ ಕೇಳ್ತಾರಾ?” ಎಂದೆ. “ನಡಿ. ನಾನು ಮಾತಾಡ್ತೇನೆ. ನೀನು ಬಕೆಟು ಹಿಡ್ಕೊಂಡು ದೂರ ನಿಲ್ಲು, ಕರೆಯುವವರೆಗೆ ಬರ್ಬೇಡ.”

ಈಗ ಚೌಕಾಸಿಯ ನಿಯಮ ಕೇಳಿ, ಕಾಸು ಕೇಳುವುದಿಲ್ಲ. ಬೇಕಾದ್ದನ್ನು ಎಂದೂ ಮೊದಲು ಕೇಳಬಾರದು. ಬೇಲಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಗಮ್ಛಾ ಹೆಗಲಿಗೆ ಹಾಕಿಕೊಂಡು, ಕಂಟ್ರಾಕ್ಟರನ ಕಡೆಯ ಆಸಾಮಿ ಮಣ್ಣಿನ ಲೋಟದಲ್ಲಿ ಚಹಾ ಕುಡಿಯುತ್ತಿದ್ದ. ನಾನು ಫ್ಲ್ಯಾಟಿನ ಬಗ್ಗೆ ವಿಚಾರಿಸಿದೆ. ದಕ್ಷಿಣಕ್ಕೆ ಬಾಲ್ಕನಿ ಬರುತ್ತದೆಯೇ, ಲಿಫ್ಟು ಇದೆಯೇ ಎಂದೆಲ್ಲ ಕೇಳಿ, ಮುಖ ಸಿಂಡರಿಸಿ, ಹೊರಡುವಂತೆ ತಿರುಗಿ, ಆಮೇಲೆ ನೆನಪಾದವನಂತೆ, “ಹಾಂ ದಾದಾ, ಆ ಮೂಲೆಯಿಂದ ಒಂದೆರಡು ಬಕೆಟು ಕೆಸರು ಕೊಡಿಸಿ,” ಎಂದೆ.

ಅವನು ಲೋಟ ಇಳಿಸಿದ. “ಕೆಸರಾ? ಯಾವ ಪೂಜೆಗೆ?”

ಬೇರೆ ಊರಲ್ಲಾಗಿದ್ದರೆ ಹುಚ್ಚೇ ಎಂದು ಕೇಳುತ್ತಿದ್ದರು. ಇದು ದೇವಿಯನ್ನು ವರ್ಷವರ್ಷವೂ ಜೇಡಿಮಣ್ಣಿನಿಂದ ಮಾಡಿ ನೀರಿಗೆ ಬಿಡುವ ಊರು. ಇಂಥ ಕಡೆಯ ಮಣ್ಣೇ ಆಗಬೇಕು, ಬೇಡಿಯೇ ತರಬೇಕು ಎಂಬ ಪದ್ಧತಿಯೂ ಉಂಟು. ಇಸ್ತ್ರಿಯ ಅಂಗಿ ತೊಟ್ಟವನು ಬಂದು ಮಣ್ಣು ಕೇಳಿದರೆ ಇನ್ನೇನು ಅರ್ಥ? ನಾನು ಹೌದೂ ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ನಮ್ಮ ಊರಿನವರು ಆಡಿಸುವಂತೆ ತಲೆ ಆಡಿಸಿದೆ. ಅವನು ಎದ್ದು ಚಪ್ಪಲಿ ಕಳಚಿದ.

“ಪೂಜೆಯ ಮಣ್ಣಿಗೆ ಬೆಲೆ ಹೇಳಬಾರದು ದಾದಾ. ತಗೊಂಡು ಹೋಗಿ.”

ನನ್ನ ಜೀವಮಾನದಲ್ಲಿ ಇಷ್ಟು ಅಗ್ಗದ ವ್ಯಾಪಾರ ನಡೆದಿರಲಿಲ್ಲ. ಅವನು ಚಪ್ಪಲಿ ಕಳಚಿದ್ದು ಕಂಡು ಕೆಲಸ ಆಯಿತೆಂದು ತಿಳಿದು ನಾದಿನಿ ಬಕೆಟು ಎತ್ತಿಕೊಂಡು ಬಂದೇಬಿಟ್ಟಳು. ತೊಳೆದ ಬೂಟು, ಹೊಸ ಕೈಗವಸು. ಅವನಿಗೆ ಅವಳ ಗುರುತು ಹತ್ತಿತು. ಆದರೂ ಭಕ್ತಿಯಿಂದಲೇ ಕೇಳಿದ. “ದಿದಿ, ಯಾವ ಠಾಕುರ್?” ಎಂದರೆ, ಯಾವ ದೇವರಿಗೆ ಎಂದು.

ನಾನು ಕೆಮ್ಮಿದೆ. ಮತ್ತೆ ಕೆಮ್ಮಿದೆ.

“ಠಾಕುರ್ ಅಲ್ಲ ದಾದಾ,” ಎಂದಳು ಅವಳು ತನ್ನ ಮುರುಕು ಬಂಗಾಳಿಯಲ್ಲಿ. “ಬ್ಯಾಂಗ್.”

ಅವನು ಅವಳ ಬಕೆಟನ್ನು ನೋಡಿದ, ನನ್ನ ಇಸ್ತ್ರಿಯ ಅಂಗಿಯನ್ನು ನೋಡಿದ. ಆಮೇಲೆ ಚಹಾ ಚೆಲ್ಲುವಂತೆ ನಕ್ಕ. ಒಳಗಿನ ಕೆಲಸದವರನ್ನೆಲ್ಲ ಕರೆದು ಹೇಳಿದ, ಅವರೂ ನಕ್ಕರು. ನಂತರ ನಿಧಾನವಾಗಿ ಚಪ್ಪಲಿ ಮೆಟ್ಟಿಕೊಂಡು ಕೂತ. “ಠಾಕುರಿಗಾದರೆ ಬಿಟ್ಟಿ. ಬ್ಯಾಂಗಿಗಾದರೆ ಬೆಲೆ ಉಂಟು. ನೀವು ಇಡ್ಲಿಹಿಟ್ಟಿನ ದಾದಾ ಅಲ್ಲವೇ? ಇಲ್ಲಿ ಕೆಲಸ ಮುಗಿಯುವವರೆಗೆ ನಮ್ಮವರಿಗೆಲ್ಲ ಬೆಳಗ್ಗೆ ಇಡ್ಲಿ.”

ನೋಡಿ, ಇಲ್ಲಿಂದ ನನ್ನ ರಾಜ್ಯ. ಇದಕ್ಕೆ ನನ್ನಲ್ಲಿ ಉತ್ತರಗಳ ಸಾಲೇ ಇತ್ತು. ಗಹಗಹಿಸಿ ನಗಬೇಕು, ಆಮೇಲೆ ಒಂದು ದಿನದ ಇಡ್ಲಿ ಎನ್ನಬೇಕು, ಆಮೇಲೆ ಹೊರಟುಹೋಗಬೇಕು, ಮೂಲೆ ತಿರುಗುವ ಮೊದಲು ಅವನು ಕರೆಯಬೇಕು. ನಾನು ನಗಲು ಬಾಯಿ ತೆರೆದೆ. ಅಷ್ಟರಲ್ಲಿ ಒಂದು ಲಾರಿ ಹಿಮ್ಮುಖವಾಗಿ ಆ ಉಳಿದ ಮೂಲೆಯ ಕಡೆಗೇ ಹೋಗತೊಡಗಿತು. ನಾದಿನಿ ನನ್ನನ್ನೂ ನೋಡುತ್ತಿರಲಿಲ್ಲ, ಅವನನ್ನೂ ನೋಡುತ್ತಿರಲಿಲ್ಲ. ಆ ಮೂಲೆಯ ಒಂದಿಷ್ಟು ಹಸಿರುನೀರನ್ನು, ಅದರ ಕಡೆಗೆ ಬರುತ್ತಿದ್ದ ಲಾರಿಯ ಬೆನ್ನನ್ನು ನೋಡುತ್ತಿದ್ದಳು. ಅತ್ತೆಯ ಅಡುಗೆಮನೆಯಿಂದ ಡಬ್ಬಿ ಎತ್ತಿಕೊಂಡು ಬಂದ ದಿನ ಅವಳ ಮುಖ ಹೀಗೇ ಇತ್ತು.

“ಆಯ್ತು,” ಎಂದೆ. “ಲಾರಿ ನಿಲ್ಲಿಸು.”

ನನ್ನ ಬಾಯಿಂದ ಬಂದ ಆ ಮಾತಿಗೆ ಲಾರಿಗಿಂತ ಮೊದಲು ನಾದಿನಿ ನಿಂತಳು. “ಭಾವ, ನೀವು ಚೌಕಾಸಿ ಮಾಡ್ಲೇ ಇಲ್ಲ.”

“ಸುಮ್ಮನೆ ಕೆಸರು ತುಂಬು.”

ಮೊದಲ ಬೆಲೆಗೆ ಒಪ್ಪಿದವನನ್ನು ಯಾವ ಮಾರಾಟಗಾರನೂ ನಂಬುವುದಿಲ್ಲ. ತಾನು ಕಡಿಮೆ ಕೇಳಿಬಿಟ್ಟೆನೇನೋ ಎಂಬ ಸಂಕಟ ಅವನ ಮುಖದಲ್ಲಿ ಕಾಣಿಸಿತು. ನಾವು ಬಕೆಟು ಎತ್ತಿಕೊಂಡು ಬೇಲಿ ದಾಟುವಾಗ ಹಿಂದಿನಿಂದ ಕೂಗಿದ: “ಸಾಂಬಾರ್ ಕೂಡ!”

ಕೊಳ ಮುಚ್ಚುವವರ ಹೊಟ್ಟೆ ತುಂಬಿಸಿ ನಾವು ಕೊಳದ ಕೆಸರು ತಂದೆವು. ಬೆಳಗ್ಗೆ ಬೆಳಗ್ಗೆ ಅವರಿಗೆ ಇಡ್ಲಿ ಕಳಿಸುವಾಗ ಒಂದೊಂದನ್ನೂ ಎರಡೆರಡು ಸಲ ಎಣಿಸಿ ಕಳಿಸುತ್ತಿದ್ದೆ.

ಅವಳು ಕೆಸರನ್ನು ಪರೀಕ್ಷಿಸಿ, ಮದ್ದಿನ ಸರದಿ ಮುಗಿದ ಮೇಲೆ, ಟಬ್ಬುಗಳಲ್ಲಿ ಒಂದು ಬದಿಗೆ ಒಡ್ಡಿನಂತೆ ಕಟ್ಟಿದಳು. ಎಲೆ, ಕೆಸರು, ನೀರು. ಕಪ್ಪೆಗಳನ್ನು ಅದರ ಮೇಲೆ ಕೂರಿಸಿದಳು. “ಈಗ?” ಎಂದೆ. “ಕಾಯುದು.” “ಗ್ಯಾರಂಟಿ?” “ಇಲ್ಲ.” ಗ್ಯಾರಂಟಿ ಇಲ್ಲದ ಸರಕು ನಾನು ಎಂದೂ ಕೊಂಡವನಲ್ಲ.

ಮೊಸರಾದರೆ ಸಂಜೆ ಹೆಪ್ಪು ಹಾಕಿದರೆ ಬೆಳಗ್ಗೆ ತಿಳಿಯುತ್ತದೆ. ಇದು ಹಾಗಲ್ಲ. ಆ ವಾರ ಇನ್ನೊಂದು ಕಪ್ಪೆ ಹೋಯಿತು. ನಾನು ಹಿಟ್ಟಿನ ಲೆಕ್ಕ ತಪ್ಪಿದೆ, ಒಬ್ಬ ಗಿರಾಕಿಗೆ ಮೊಸರಿನ ಬದಲು ಮಜ್ಜಿಗೆ ಕಟ್ಟಿಕೊಟ್ಟೆ. ಹೆಪ್ಪಿನ ಪಾತ್ರೆಯ ಮುಚ್ಚಳ ತೆಗೆದು ನೋಡುವುದು, ತಾರಸಿ ಹತ್ತಿ ನೋಡುವುದು, ಮತ್ತೆ ಇಳಿದು ಪಾತ್ರೆ ನೋಡುವುದು. “ಎಂತ ನೀವು, ಹೆರಿಗೆ ಕೋಣೆಯ ಹೊರಗೆ ನಿಂತ ಹಾಗೆ?” ಎಂದು ಹೆಂಡತಿ ಗದರಿದಳು. ಗದರಿದವಳೇ ಮಧ್ಯಾಹ್ನ ಬಿಸಿಲು ಬೀಳದಂತೆ ಟಬ್ಬಿನ ಮೇಲೆ ತನ್ನ ಹಳೆಯ ಸೀರೆ ಕಟ್ಟಿದ್ದಳು.

ಒಂದು ದಿನ ಉದ್ದಿನ ಚೀಲಗಳನ್ನು ಸರಿಸುವಾಗ ಏನೋ ಓಡಿತು. ಎಲ್ಲಿ ಹಿಡಿದೆ, ಹೇಗೆ ಹಿಡಿದೆ ಎಂದು ಕೇಳಬೇಡಿ. ನನ್ನ ಗೋಡೌನ್ ಬಹಳ ಶುಚಿ. ಮುಷ್ಟಿ ಬಿಗಿಹಿಡಿದು, ಗಿರಾಕಿಗಳ ನಡುವೆಯೇ, ಗಂಭೀರವಾಗಿ ಮೆಟ್ಟಿಲು ಹತ್ತಿ ಟಬ್ಬಿನಲ್ಲಿ ಮುಷ್ಟಿ ಬಿಚ್ಚಿದೆ. ಅತಿ ಸೊರಗಿದ್ದ ದೊಡ್ಡ ಕಪ್ಪೆ ಅಲುಗಾಡಲಿಲ್ಲ. ಜಿರಲೆ ಎಲೆಯ ಮೇಲೆ ಹತ್ತಿತು, ಇಳಿಯಿತು. ಹೋಯಿತು ಎಂದುಕೊಂಡೆ. ಟಪ್ ಎಂದು ಒಂದು ಸದ್ದು. ಕಪ್ಪೆ ಇದ್ದಲ್ಲೇ ಇತ್ತು. ಜಿರಲೆ ಇರಲಿಲ್ಲ. ಕಪ್ಪೆ ನುಂಗುವಾಗ ಕಣ್ಣು ಒಳಕ್ಕೆ ಎಳೆದುಕೊಳ್ಳುತ್ತದೆ ಎಂದು ಅವತ್ತು ನೋಡಿದೆ. ನಾನು ಮೆಟ್ಟಿಲ ಮೇಲಿಂದ ಅಂಗಡಿಯವರೆಗೂ ಕೇಳುವಂತೆ ಕೂಗಿದೆನಂತೆ: “ಕಪ್ಪೆ ಜಿರಲೆ ತಿಂತು!” ಷರತ್ತು ಹಾಕಿದ್ದು ನಾನೇ.

ಮಳೆ ಹಿಡಿಯಿತು. ರೋಗವಿಲ್ಲ ಎಂದು ಪರೀಕ್ಷೆಯ ಮೇಲೆ ಪರೀಕ್ಷೆ ಆದ ಬಳಿಕ, ಉಳಿದ ಕಪ್ಪೆಗಳನ್ನು ಅವಳ ವಿಶ್ವವಿದ್ಯಾಲಯದ ಆವರಣದ ಕೊಳಕ್ಕೆ ಒಯ್ದೆವು. ನೀರಿನ ಅಂಚಿಗೇ ಮರಗಳು, ನಡುವೆ ರಸ್ತೆ ಇಲ್ಲ. ನಾನೇ ಸುತ್ತ ನಡೆದು ನೋಡಿ ಖಚಿತಪಡಿಸಿಕೊಂಡೆ. ಅವಳು ಪ್ರತಿಯೊಂದರ ಹೊಟ್ಟೆಯನ್ನೂ ಕೊನೆಯ ಸಲ ಹತ್ತಿಕಡ್ಡಿಯಿಂದ ಸವರಿ ಬಿಟ್ಟಳು. ಪ್ರತಿಯೊಂದಕ್ಕೂ ಹೊಸ ಕೈಗವಸು. ಪೆಟ್ಟಿಗೆ ನಾನೇ ಹಿಡಿದು ನಿಂತಿದ್ದೆ. ದೊಡ್ಡದು ಕೆಸರಿನ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ನಮ್ಮ ಸಲಹೆ ಏನೂ ಬೇಡವೆಂಬಂತೆ ಬೆನ್ನು ತಿರುಗಿಸಿ, ನೀರಿಗೆ ಬಿತ್ತು.

ನಳಿಕೆಗಳ ಮಂಜುಪೆಟ್ಟಿಗೆ ಹೊತ್ತು ಅವಳ ಪ್ರಯೋಗಾಲಯಕ್ಕೆ ಹೋದೆವು. ಆಳೆತ್ತರದ ಫ್ರೀಜರಿನ ಬಾಗಿಲು ತೆರೆದಳು. ಬಿಳಿ ಹೊಗೆಯ ಹಿಂದೆ ಸಾಲುಸಾಲು ಪುಟ್ಟ ನಳಿಕೆಗಳು, ಒಂದೊಂದು ಸಾಲಿಗೆ ಒಂದೊಂದು ಕೊಳದ ಹೆಸರು. “ಇದು ಈಗಿಲ್ಲ,” ಎಂದಳು ಒಂದನ್ನು ತೋರಿಸಿ. “ಇದೂ ಇಲ್ಲ. ಇದು ಈಗ ಪಾರ್ಕಿಂಗ್.” ಕೆಳಗಿನ ಸಾಲಿನಲ್ಲಿ ನಮ್ಮ ಮನೆಯ ಹಿಂದಿನ ಕೊಳದ ಕೆಸರನ್ನೂ ಒಂದಿಷ್ಟು ಇಟ್ಟಿದ್ದಳು. ಅದರ ಪಕ್ಕದ ಸಾಲಿನ ಚೀಟಿ ಮಾತ್ರ ಇಂಗ್ಲಿಷಿನಲ್ಲಿ ಇರಲಿಲ್ಲ. ಕನ್ನಡದಲ್ಲಿ ಎರಡೇ ಅಕ್ಷರ: ಅಮ್ಮ.

“ಇದು ಯಾವ ಕೊಳ?” ಎಂದೆ.

“ಕೊಳ ಅಲ್ಲ ಭಾವ. ಹೆಪ್ಪು.” ಅವಳು ನಳಿಕೆಗಳನ್ನು ಸರಿಯಾಗಿ ಜೋಡಿಸುತ್ತ, ನನ್ನ ಕಡೆ ನೋಡದೆ ಹೇಳಿದಳು. “ಕರೆಂಟು ಹೋದ್ರೆ ಸಾಕು, ಹೆಪ್ಪು ಸತ್ತಿತು ಅಂತ ನೀವು ಓಡಾಡ್ತೀರಲ್ಲ. ಅದಕ್ಕೇ. ಇಲ್ಲಿ ಜನರೇಟರ್ ಉಂಟು.”

ಅಷ್ಟೂ ಚಮಚಗಳು ಅಲ್ಲಿದ್ದವು. ಗೆಳತಿಯರಿಗೆ ಹಂಚಿ ನನ್ನ ಗಿರಾಕಿಗಳನ್ನು ಕೆಡಿಸುತ್ತಾಳೆಂದು ನಾನು ಲೆಕ್ಕ ಹಾಕಿದ್ದ ಅಷ್ಟೂ.

ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ನಿಮಗೆ ಸಲಹೆ ಕೊಡಲು ನನಗೆ ತಿಳಿಯದು. ನಾನು ಹೇಳಿದ್ದು ಇಷ್ಟೇ:

“ಬಾಗಿಲು ಹಾಕು ಮಾರಾಯ್ತಿ. ತಂಪೆಲ್ಲ ಹೊರಗೆ ಹೋಗ್ತದೆ.”